ಕೆಂಪು ದಾರದ ಕೊಂಬೆ

ತೋಟದ ಶೆಡ್ಡು,
ಸೋಮವಾರ, ಊಟದ ಬಿಡುವು

ಮುದ್ದು ಪುಟ್ಟಿ,

ಡಾಕ್ಟರಮ್ಮ ಎಂದು ಬರೆಯಬೇಕಿತ್ತೇನೋ, ನನ್ನ ಕೈಗೆ ಬರುವುದು ಇದೇ. ಫೋನಿನಲ್ಲಿ ಹೇಳಲು ಎರಡು ಸಲ ಹೊರಟೆ. ನಿನ್ನ ದನಿ ಕೇಳಿ, ಊಟವಾಯಿತಾ ಎಂದಷ್ಟೇ ವಿಚಾರಿಸಿ ಇಟ್ಟುಬಿಟ್ಟೆ.

ಇವತ್ತು ಬೆಳಿಗ್ಗೆ ನಿನ್ನ ನಾನೂರ ಹನ್ನೆರಡನೇ ಮರವನ್ನು ಕಡಿದರು. ನಿನ್ನ ಪ್ರಯೋಗದ ತಾಕು ಖಾಲಿ ಮಾಡಿ ಎಂದು ಆದೇಶ ಬಂದಿತ್ತು. ಮೇಸ್ತ್ರಿ ನಾನೇ ಆದ್ದರಿಂದ ಗರಗಸದವರಿಗೆ ಮರ ತೋರಿಸಿದವಳೂ ನಾನೇ. ಮಿಕ್ಕ ಮರಗಳ ಜೊತೆ ಲಾರಿ ಹತ್ತಿ ಕಾಗದದ ಕಾರ್ಖಾನೆಗೆ ಹೋಯಿತು.

ಕಾಗದಕ್ಕೆ ಒಳ್ಳೆಯ ತಳಿ ಸಿಗಲೆಂದು ನೀನು ವಿಕಿರಣ ತಾಗಿಸಿದ ಆರು ಸಾವಿರ ಬೀಜ ಬಿತ್ತಿದಾಗ ನಿನ್ನನ್ನು ಎಷ್ಟು ಗೇಲಿ ಮಾಡಿದ್ದೆ! ಅರ್ಧ ಮೊಳೆಯಲೇ ಇಲ್ಲ. ಮೊಳೆತವೂ ಕುಳ್ಳ, ಸೊಟ್ಟ, ಎಲೆಯೆಲ್ಲ ಬಿಳಿಚು. ಐದನೇ ವರ್ಷ ಈ ಮರದ ಕೆಳಗಿನ ಕೊಂಬೆಯ ಚಕ್ಕೆಯನ್ನು ಕಾಗದದ ತಿರುಳಿಗೆಂದು ಬೇಯಿಸಿದರೆ ಮಾಮೂಲಿನ ಅರ್ಧ ಕೆಮಿಕಲ್‌ಗೇ ಹತ್ತಿಯ ಹಾಗೆ ಬಿಡಿಸಿಕೊಂಡಿತು. ನೀನು ಓಡಿಬಂದು ನನ್ನನ್ನು ತಬ್ಬಿಕೊಂಡೆ. “ಅಕ್ಕಾ, ಸಿಕ್ಕಿಬಿಡ್ತು ಕಣೇ” ಅಂದೆ. ಆ ಕೊಂಬೆಗೆ ನೀನೇ ಗುರುತಿಗೆಂದು ಕೆಂಪು ದಾರ ಕಟ್ಟಿ ತಿಂಗಳ ತರಬೇತಿಗೆ ಹೋದೆ.

ಮರಳಿ ಬಂದು ನೀನು ದಾರವಿದ್ದ ಕೊಂಬೆಯಿಂದ ಕತ್ತರಿಸಿ ನೆಟ್ಟ ಕಡ್ಡಿಗಳು ನಾಲ್ಕು ವರ್ಷ ಬೆಳೆದವು. ಪರೀಕ್ಷೆಯಲ್ಲಿ ಎಲ್ಲವೂ ಮಾಮೂಲು ಸೌದೆ. “ಮೊದಲ ಪರೀಕ್ಷೆಯಲ್ಲಿ ನನ್ನ ಕೈಯೇ ತಪ್ಪಿರಬೇಕು” ಎಂದು ನೀನು ಸಂಸ್ಥೆಯ ಸಮಿತಿಯ ಮುಂದೆ ಒಪ್ಪಿಕೊಂಡೆಯಂತೆ. ಅವರು ಸಂಶೋಧನೆ ನಿಲ್ಲಿಸಿ ನಿನ್ನನ್ನು ಮನೆಗೆ ಕಳಿಸಿದರು. ಈಗ ಅಡುಗೆಗೆ ಉಪ್ಪು ಹಾಕುವಾಗಲೂ ಗಂಡನನ್ನು ಕರೆದು ಸರಿಯಿದೆಯಾ ಎಂದು ಕೇಳುತ್ತೀಯಂತೆ. ಅದನ್ನು ಕೇಳಿದ ದಿನದಿಂದ ನನಗೆ ಅನ್ನ ಸೇರುತ್ತಿಲ್ಲ.

ಪುಟ್ಟಿ, ನಿನ್ನ ಕೈ ತಪ್ಪಿರಲಿಲ್ಲ. ನೀನಿಲ್ಲದ ಆ ತಿಂಗಳು ದೊಡ್ಡ ಸಾಹೇಬರು ಬರುತ್ತಾರೆಂದು ಸಾಲಿನ ಕೆಳಗೊಂಬೆಗಳನ್ನೆಲ್ಲ ಸವರಿಸಿದೆ. ಅವಸರದಲ್ಲಿ ಆ ಕೊಂಬೆಯೂ ಹೋಯಿತು. ಒಲೆಗೆ ಹಾಕಿ ನೀರು ಕಾಯಿಸಿದೆವು. ಮರ ಒಂದೇ, ಯಾವ ಕೊಂಬೆಯಾದರೇನು ಎಂದುಕೊಂಡಿದ್ದೆ. ವಿಕಿರಣದ ಬದಲಾವಣೆ ಒಂದೇ ಕೊಂಬೆಯಲ್ಲಿದ್ದು ಮಿಕ್ಕ ಮರ ಮೊದಲಿನ ಹಾಗೇ ಇರಬಹುದು ಎಂದು ಹೊಸ ಹುಡುಗಿಯರಿಗೆ ನೀನು ಪಾಠ ಹೇಳುವಾಗಲೇ ನನಗೆ ತಿಳಿದದ್ದು. ಕಡ್ಡಿಗಳಿಗೆ ಆಗ ಎರಡು ವರ್ಷ. ಅವತ್ತಾದರೂ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ.

ಇನ್ನೊಂದು ಅಂಥ ಮರ ಸಿಗುತ್ತದೆಯೇ ಎಂದು ಒಮ್ಮೆ ಕೇಳಿದ್ದೆ. ಇನ್ನೂ ಆರು ಸಾವಿರ ಬಿತ್ತಿದರೂ ಸಿಗುವ ಭರವಸೆ ಇಲ್ಲ ಎಂದು ನೀನು ಅಂದಿದ್ದೆ. ಈಗ ಬಿತ್ತಲು ತಾಕೂ ಇಲ್ಲ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ನಿನ್ನ,
ಅಕ್ಕ

ತಾ.ಕ.: ದಾರ ಮರದಲ್ಲೇ ಇತ್ತಲ್ಲ ಎಂದು ನೀನು ಕೇಳುತ್ತೀಯ. ಬಿದ್ದ ಕೊಂಬೆಯಿಂದ ಬಿಚ್ಚಿ ಮೇಲಿನ ಕೊಂಬೆಗೆ ಕಟ್ಟಿದವಳು ನಾನು. ನೀನು ಬಂದು, ಸವರಿದ ಸಾಲು ನೋಡಿ ಗಾಬರಿಯಾಗಿ, ದಾರ ಕಂಡು ಉಸಿರು ಬಿಟ್ಟೆ. ನಾನು ಪಕ್ಕದಲ್ಲೇ ನಿಂತಿದ್ದೆ. ನೀನು ಗಂಟು ಮುಟ್ಟಿ ನೋಡಿದೆ, ನೀನೇ ಹಾಕಿದ್ದು ಅನ್ನಿಸಿತು ನಿನಗೆ. ನೀನು ಚಿಕ್ಕವಳಿದ್ದಾಗ ಜಡೆಗೆ ಆ ಗಂಟು ಹಾಕಲು ಕಲಿಸಿದವಳು ನಾನಲ್ಲವೇ.