ಮನೆಗೆ ಕೊಡತಕ್ಕದ್ದಲ್ಲ

ಹಿರೇಬಾವಿ
ಕ್ರಿ.ಶ. 2194, ಫೆಬ್ರುವರಿ 30

ಹಿರೇಬಾವಿ ಪುರಸಭೆಯ ಮಾನ್ಯ ಸದಸ್ಯರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರುವರಿಗೆ ಮೂವತ್ತು ದಿನ. ನನ್ನ ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ಪತ್ರದ ದನಿ ಬಿರುಸಾಯಿತು ಎನಿಸಿದರೆ ಮಾತ್ರ ಕ್ಷಮೆ ಕೇಳುವುದಿಲ್ಲ. ಬರುವ ಶುಕ್ರವಾರ ನೀವು ಊರಿನ ಗ್ರಂಥಾಲಯದ ಅನುದಾನ ನಿಲ್ಲಿಸಲು, ಜೊತೆಗೆ ಶಾಲೆಯ ಪುಸ್ತಕದ ಬೀರುಗಳನ್ನೂ ಖಾಲಿ ಮಾಡಲು ಕೈ ಎತ್ತಲಿದ್ದೀರಿ. ನನಗೆ ಹೇಗೆ ಗೊತ್ತು? ನಮ್ಮ ಕಾಲಕ್ಕೂ ಉಳಿದುಬಂದಿರುವ ನಿಮ್ಮ ನಡಾವಳಿ ಪುಸ್ತಕ ಓದಿದ್ದೇನೆ. ಊರಿನ ಪುಸ್ತಕಗಳನ್ನೆಲ್ಲ ತೂಕಕ್ಕೆ ಹಾಕಿ, ನಿಮ್ಮ ಠರಾವುಗಳನ್ನು ಮಾತ್ರ ಉಕ್ಕಿನ ಕಪಾಟಿನಲ್ಲಿ ಜೋಪಾನ ಮಾಡಿದ್ದೀರಿ. ಏನು ಹೇಳಲಿ ನಿಮಗೆ!

ನಮ್ಮ ಮಳೆಗಾಲ ಹೇಗಿರುತ್ತದೆ ಕೇಳಿ. ಜುಲೈ ಬಂತೆಂದರೆ ಕೆರೆಯ ಹೆಚ್ಚುವರಿ ನೀರು ಊರೊಳಗೆ ನುಗ್ಗುತ್ತದೆ. ಮನೆಮನೆಯಲ್ಲೂ 'ಏರುಮಂಚ' ಇದೆ, ಹಗ್ಗ ಎಳೆದರೆ ಸೂರಿನವರೆಗೆ ಏರುವ ಮಂಚ. ಅಡುಗೆ, ಊಟ, ಬಾಣಂತನ ಎಲ್ಲವೂ ಅದರ ಮೇಲೆಯೇ. ನನ್ನ ಮಗಳು ಇಂಚರಾಳ ಶಾಲೆ ವರ್ಷಕ್ಕೆ ಮೂರು ತಿಂಗಳು ಗುಡಿಯ ಮಾಳಿಗೆಯ ಮೇಲೆ ನಡೆಯುತ್ತದೆ. ನೀರನ್ನು ಹಳ್ಳಕ್ಕೆ ಒಯ್ಯುವ ಹಳೆಯ ಕಲ್ಲುಕಾಲುವೆಯೊಂದು ನೆಲದಡಿ ಇದೆಯೆಂದು ಎಲ್ಲರೂ ಬಲ್ಲರು, ಎಲ್ಲಿ ಎಂಬುದು ಯಾರಿಗೂ ಗೊತ್ತಿಲ್ಲ. 'ಮಾತುಗಂಬ'ವನ್ನು ಕೇಳಿದೆವು, ಅದು ಬೀದಿಬೀದಿಯಲ್ಲಿ ನಿಂತು ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಯಂತ್ರ. ಯಾರೂ ತನಗೆ ಓದಿಸದ್ದನ್ನು ಅದಾದರೂ ಹೇಗೆ ಹೇಳೀತು? ಆದರೂ ಬಹಳ ಮರ್ಯಾದೆಯಿಂದ ಒಂದೊಂದು ಸಲ ಒಂದೊಂದು ಜಾಗ ತೋರಿಸಿತು. ಹದಿನಾಲ್ಕು ಕಡೆ ಅಗೆದೆವು, ಸಿಕ್ಕಿದ್ದು ಬರೀ ಮಣ್ಣು. ಈ ಮಳೆಗಾಲದೊಳಗೆ ಕಾಲುವೆ ಸಿಗದಿದ್ದರೆ ಊರು ಖಾಲಿ ಮಾಡಬೇಕೆಂದು ಆದೇಶ ಬಂದಿದೆ.

ಆ ಕಾಲುವೆಯ ನಕ್ಷೆ ಇವತ್ತು ನಿಮ್ಮ ಗ್ರಂಥಾಲಯದಲ್ಲಿದೆ. ಚಿತ್ರಕಲೆಯ ಮಾಸ್ತರರೊಬ್ಬರು ಊರೆಲ್ಲ ತಿರುಗಿ ಕೈಯಲ್ಲೇ ಬರೆದ ನಕ್ಷೆಗಳ ಪುಸ್ತಕ. ಇರುವುದು ಒಂದೇ ಪ್ರತಿ. ಅದಕ್ಕೇ ಅದರ ಮೇಲೆ 'ಮನೆಗೆ ಕೊಡತಕ್ಕದ್ದಲ್ಲ' ಎಂಬ ಕೆಂಪು ಮೊಹರು. ನೀವೋ, ಮೂರು ವರ್ಷದಲ್ಲಿ ಒಮ್ಮೆಯೂ ಯಾರ ಮನೆಗೂ ಹೋಗದ ಪುಸ್ತಕಗಳ ಪಟ್ಟಿ ತರಿಸಿದಿರಿ. ಮನೆಗೆ ಕೊಡಲೇಬಾರದ ಪುಸ್ತಕ, ಮನೆಗೆ ಹೋಗಿಲ್ಲವೆಂಬ ತಪ್ಪಿಗೆ ಆ ಪಟ್ಟಿಯ ಮೊದಲ ಸಾಲಿನಲ್ಲಿದೆ! ಪುಸ್ತಕದ ಈ ವಿವರವೆಲ್ಲ ನನಗೆ ಸಿಕ್ಕಿದ್ದೂ ನಡಾವಳಿಗೆ ಅಂಟಿಸಿದ ಆ ಪಟ್ಟಿಯಿಂದಲೇ.

"ಯಾರೂ ಮನೀಗೆ ಒಯ್ದಿಲ್ಲಂದ್ರ ಯಾರೂ ಓದಂಗಿಲ್ಲ ಅಂತನ ಅಲ್ಲೇನ್ರೀ?" ಎಂದು ಒಂಬತ್ತನೇ ವಾರ್ಡಿನ ಪಂಪಾಪತಿಯವರು ಕೇಳಲಿದ್ದಾರೆ. ಗ್ರಂಥಪಾಲಕಿ ಶಕೀಲಾ ಬಾನು ಎದ್ದುನಿಂತು, "ಸರ್, ಅವು ಮನೀಗೆ ಕೊಡೂ ಪುಸ್ತಕ ಅಲ್ರೀ. ಮಂದಿ ಇಲ್ಲೇ ಕುಂತು ಓದ್ತಾರ" ಎನ್ನಲಿದ್ದಾರೆ. "ಆತು ಬಿಡ್ರಿ ಮೇಡಂ, ಮುಂದಿನ ವಿಷಯ ಏನೈತಿ?" ಎಂದು ಅಧ್ಯಕ್ಷರು ಅವರ ಬಾಯಿ ಮುಚ್ಚಿಸಲಿದ್ದಾರೆ. ಗುಮಾಸ್ತರು ಪುಣ್ಯಾತ್ಮರು, ಒಂದಕ್ಷರ ಬಿಡದೆ ಬರೆದಿಟ್ಟಿದ್ದಾರೆ. ಓದಿ ನನ್ನ ಮೈಯೆಲ್ಲ ಉರಿದುಹೋಯಿತು.

ಶುಕ್ರವಾರದೊಳಗೆ ಒಮ್ಮೆ, ಒಂದೇ ಒಂದು ಸಲ, ಆ ಗ್ರಂಥಾಲಯದ ಮೆಟ್ಟಿಲು ಹತ್ತಿ. ಪೇಪರಿನ ಒಂದೊಂದು ಹಾಳೆ ಹಂಚಿಕೊಂಡು ಕೂತ ಮುದುಕರಿದ್ದಾರೆ. ಮನೆಯಲ್ಲಿ ಟಿವಿ ಗಲಾಟೆ ತಾಳದೆ ಪರೀಕ್ಷೆಗೆ ಓದಲು ಬಂದ ಹುಡುಗಿಯರಿದ್ದಾರೆ. ಇವರ ಹೆಸರು ನಿಮ್ಮ ಯಾವ ರಿಜಿಸ್ಟರಿನಲ್ಲಿದೆ? ತುಂಬಿದ ಕುರ್ಚಿಗಳನ್ನು ನೀವೇ ಎಣಿಸಿ. ಆಮೇಲೆ ಕೈ ಎತ್ತುವಿರಂತೆ.

ನಮ್ಮಲ್ಲಿ ಹಿಂದಿನವರಿಗೆ ಪತ್ರ ಕಳಿಸಲು ಜನ್ಮಕ್ಕೆ ಒಂದೇ ಸಲ ಅವಕಾಶ. ಎಲ್ಲರೂ ತೀರಿಹೋದ ತಮ್ಮವರಿಗೆ ಬರೆಯುತ್ತಾರೆ. ನನ್ನ ಅವ್ವ ಹೋಗುವಾಗ ನಾನು ಹತ್ತಿರವಿರಲಿಲ್ಲ. ಅವಳಿಗೆ ಹೇಳಬೇಕಾದದ್ದು ಬಹಳವಿತ್ತು. ಇನ್ನು ಹೇಳಲಾಗುವುದಿಲ್ಲ. ಅವಳಿಗೆಂದು ಇಟ್ಟುಕೊಂಡಿದ್ದ ಪತ್ರವನ್ನು ನಿಮಗೆ ಬರೆದುಬಿಟ್ಟಿದ್ದೇನೆ.

ಶಾಂಭವಿ ಹಾದಿಮನಿ