ಕಮಲಾಪುರದ ಸೀರೆಯ ತುಂಡು

ಕಲಬುರ್ಗಿ,
ಫಸಲಿ ೧೩೨೧, ಪುಷ್ಯ ಮಾಸ, ಸೋಮವಾರ ಬೆಳಿಗ್ಗೆ

ಪ್ರೀತಿಯ ಅವ್ವಾ,

ನಿನ್ನ ಮಗ ಕಲ್ಯಾಣಪ್ಪನ ಶರಣು. ನಿನ್ನ ಮೊಣಕಾಲು ನೋವು ಹೇಗಿದೆ? ಅಪ್ಪ ಗೋಡೆ ಹಿಡಿದಾದರೂ ಎದ್ದು ನಿಲ್ಲುತ್ತಾನೋ, ಇನ್ನೂ ಹೊರಸಿನ ಮೇಲೆಯೇ ಇದ್ದಾನೋ? ಬಂಡಿಯಿಂದ ಬಿದ್ದು ಮುರಿದ ಕಾಲು ಈ ಚಳಿಗೆ ನೋಯದೆ ಇರುತ್ತದೆಯೇ. ಅವನು ಸಿಡಿಮಿಡಿ ಮಾಡಿದರೆ ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಈ ಕಾಗದ ಓದಿ ಹೇಳುತ್ತಿರುವ ಜಗದೇವಪ್ಪ ಮಾಮಾನಿಗೂ ಶರಣು. ಮಾಮಾ, ಬರೆದದ್ದನ್ನಷ್ಟೇ ಓದಿರಿ. ಹೋದ ಸಲ ನಡುನಡುವೆ ನೀವು ಏನೇನು ಸೇರಿಸಿದಿರಿ ಅನ್ನುವುದು ನನ್ನ ಕಿವಿಗೆ ಬಿದ್ದಿದೆ.

ಕೂಸು ಚೆನ್ನಾಗಿದೆ, ಮೊದಲು ಅದನ್ನು ಹೇಳಿಬಿಡುತ್ತೇನೆ. ಏಳು ತಿಂಗಳಿಗೇ ಹುಟ್ಟಿದ ಕೂಸನ್ನು ನೀನು ಇನ್ನೂ ಕಣ್ಣಿಂದ ನೋಡಿಲ್ಲ ಅನ್ನುವುದೇ ನನಗೆ ದೊಡ್ಡ ಸಂಕಟ. ಬಾಣಂತನಕ್ಕೆ ಕಳಿಸೋಣವೆಂದರೆ ಚಂದಮ್ಮನ ತವರಿನಲ್ಲಿ ತಾಯಿಯಿಲ್ಲ. ನೀನು ಬರಬೇಕೆಂದರೆ ಅಪ್ಪನ ಕಾಲು. ಹುಟ್ಟಿದ ದಿನ ಅವಳನ್ನು ಅಂಗೈಯಲ್ಲಿ ಮಲಗಿಸಿಕೊಂಡರೆ ಕಾಲು ನನ್ನ ಮಣಿಕಟ್ಟು ದಾಟುತ್ತಿರಲಿಲ್ಲ. ಅಳಲಿಕ್ಕೂ ತ್ರಾಣವಿರಲಿಲ್ಲ. ನೋಡಲು ಬಂದ ಓಣಿಯ ಹೆಂಗಸರು ಕೂಸನ್ನು ಹರಸದೆಯೇ ಎದ್ದು ಹೋದರು. ನನಗೆ ಅವರ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಚಂದಮ್ಮನಿಗೆ ಜ್ವರ ಬಿಟ್ಟಿದೆ, ಕೈಗೆ ಮಾತ್ರ ಇನ್ನೂ ಶಕ್ತಿ ಬಂದಿಲ್ಲ. ಅದಕ್ಕೇ ಕೂಸಿಗೆ ಎಣ್ಣೆ ಹಚ್ಚುವವನು ನಾನೇ. ಮಾಮಾ, ನಗಬೇಡಿರಿ. ಖಮರುದ್ದೀನ್ ಚಾಚಾ ನಮ್ಮೂರಿಂದ ತರುವ ಬಾಳೆಗೊನೆಯ ಬಂಡಿಯಿಂದ ನೀನು ಕೊಟ್ಟ ಕುಸುಬಿ ಎಣ್ಣೆಯ ಗಡಿಗೆಯನ್ನೂ ನಿನ್ನ ಹಳೆಯ ಸೀರೆಯ ತುಂಡನ್ನೂ ಇಳಿಸಿ, "ನಿಮ್ಮವ್ವ ಹೇಳ್ಯಾಳ ನೋಡಪಾ, ತಿಕ್ಕಬ್ಯಾಡ. ರೊಟ್ಟಿ ಮ್ಯಾಲ ನೀರು ಸವರತಾರಲ್ಲ, ಹಂಗ ಸವರು" ಎಂದು ತಮ್ಮ ಮುಂಗೈ ಮೇಲೆ ಮಾಡಿ ತೋರಿಸಿದರು. ಎತ್ತು ಹೊಡೆಯುವ ಆ ಕೈ ಅಷ್ಟು ಮೆತ್ತಗೆ ಆಡಿದ್ದನ್ನು ನೋಡಿ ನನಗೆ ನೀನೇ ಎದುರಿಗೆ ಕೂತ ಹಾಗಾಯಿತು. ದಿನಾ ಬೆಳಿಗ್ಗೆ ಒಲೆಯ ಮುಂದೆ ಕೈ ಕಾಯಿಸಿಕೊಂಡು, ಎಣ್ಣೆಯನ್ನು ಬೆಚ್ಚಗೆ ಮಾಡಿ, ಎದೆ, ಬೆನ್ನು, ಕಡ್ಡಿಯಂಥ ಕಾಲು ಎಲ್ಲ ಸವರುತ್ತೇನೆ. ಆಮೇಲೆ ನಿನ್ನ ಸೀರೆಯ ತುಂಡಿನಲ್ಲಿ ಸುತ್ತಿ ಚಂದಮ್ಮನ ಮಗ್ಗುಲಿಗೆ ಮಲಗಿಸಿ ಹತ್ತಿ ತೂಗಲು ಅಡತಿ ಅಂಗಡಿಗೆ ಓಡುತ್ತೇನೆ. ಎಣ್ಣೆಗೈಗೆ ಹತ್ತಿಯ ಎಳೆ ಅಂಟಿ, ನೋಡಿದವರೆಲ್ಲ "ಏನಪಾ ಕಲ್ಯಾಣಿ, ಕೈಗೆ ಗಡ್ಡ ಬಂದದಲ್ಲೋ" ಎಂದು ಕಾಡುತ್ತಾರೆ.

ಆ ಸೀರೆಯ ತುಂಡನ್ನು ಒಗೆಯಲು ಚಂದಮ್ಮ ಎಷ್ಟು ಸಲ ಕೇಳಿದರೂ ನಾನು ಕೊಟ್ಟಿಲ್ಲ. ಅದರಲ್ಲಿ ನಿನ್ನ ವಾಸನೆ ಇದೆ ಅವ್ವಾ. ಒಲೆಯ ಹೊಗೆ, ಅಟ್ಟದ ಮೇಲಿನ ಬಾಳೆಹಣ್ಣು, ವಿಭೂತಿ, ಎಲ್ಲ ಸೇರಿದ್ದು. ಕೂಸನ್ನು ಎತ್ತಿಕೊಂಡಾಗ ನಾನು ಮೊದಲು ಮೂಸುವುದು ಬಟ್ಟೆಯನ್ನೇ. ಹೆಂಡತಿ ಮಗಳು ಇರುವ ಗಂಡಸು ಹೀಗೆ ಅವ್ವನಿಗಾಗಿ ಹಂಬಲಿಸಬಾರದು ಅನ್ನುತ್ತಾರೆ. ಅನ್ನುವವರು ಅನ್ನಲಿ. ಈ ಊರಿನಲ್ಲಿ ಸಂತೆಯಂಥ ಜನರ ನಡುವೆ ನಿಂತು ದಿನವೆಲ್ಲ ತೂಗುತ್ತೇನೆ, ಮನೆಗೆ ಬಂದರೆ "ಉಂಡ್ಯಾ?" ಎಂದು ನಿನ್ನ ಹಾಗೆ ಯಾರೂ ಕೇಳುವುದಿಲ್ಲ. ಚಂದಮ್ಮ ಪಾಪ ತಾನೇ ಉಣ್ಣಲಾರಳು.

ಇನ್ನೊಂದು ಮಾತು, ಬಯ್ಯಬೇಡ. "ಕೂಸಿಗೆ ತಕ್ಕಡಿ ತೋರಸಬ್ಯಾಡ, ದೃಷ್ಟಿ ಆಗತದ" ಎಂದು ನೀನು ಹೇಳಿ ಕಳಿಸಿದ್ದೆ. ನಾನು ಕೇಳಲಿಲ್ಲ. ಅಡತಿಯ ಸಾವ್ಕಾರರನ್ನು ಕೇಳಿ ಸಣ್ಣ ತಕ್ಕಡಿ ಮನೆಗೆ ತಂದೆ. ಮೊದಲ ಸಲ ಕೂಸನ್ನು ತೂಗಿದಾಗ, ಅಡತಿಯಲ್ಲಿ ಮೊದಲ ತೂಕಕ್ಕೆ ಒಂದು ಎನ್ನದೆ ಲಾಭ ಎನ್ನುತ್ತೇವಲ್ಲ, ಅದೇ ರೂಢಿಯಲ್ಲಿ ಬಾಯಿಗೆ "ಲಾಭ" ಎಂದು ಬಂತು. ಚಂದಮ್ಮ ಹೆರಿಗೆಯಾದ ಮೇಲೆ ಮೊದಲ ಬಾರಿಗೆ ನಕ್ಕಳು. ಅಂದು ಒಂದೂವರೆ ಸೇರು ಇದ್ದಳು. ಸೋಮವಾರದಿಂದ ಸೋಮವಾರಕ್ಕೆ ಏರುತ್ತ ಬಂದು ಇವತ್ತು ಬೆಳಿಗ್ಗೆ ಒಂದೂಮುಕ್ಕಾಲು. ಚಳಿಗೆ ಬರಿಮೈಯಲ್ಲಿ ಇಡಲಾಗದು ಎಂದು ಬಟ್ಟೆ ಸಮೇತ ತೂಗುತ್ತೇನೆ, ಆದರೆ ಮೊದಲ ದಿನವೇ ಬಟ್ಟೆಯನ್ನು ಬೇರೆ ತೂಗಿ ಅದರ ಭಾರ ಕಳೆದಿದ್ದೇನೆ. ತೂಕ ಹೆಚ್ಚಲೆಂದು ನೀರು ಚಿಮುಕಿಸಿದ ಹತ್ತಿಯನ್ನು ಅಂಡಿಗೆಯ ಮೂಟೆ ಬಿಚ್ಚುವ ಮೊದಲೇ ಹಿಡಿಯುವವನು ನಾನು, ನನಗೆ ತೂಕ ಕಲಿಸಬೇಕೇ. ಈ ಏರಿಕೆ ನೋಡಿಯೇ ಹೋದ ವಾರ, ನೀನು ಗಂಟು ಕಟ್ಟಿ ಹೊರಟಿದ್ದಾಗ, "ಬರಬ್ಯಾಡ, ಅಪ್ಪನ್ನ ನೋಡಿಕೋ" ಎಂದು ಚಾಚಾನ ಕೈಯಲ್ಲಿ ಹೇಳಿ ಕಳಿಸಿದ್ದು. ಹೇಳಿ ಕಳಿಸಿದ ಮೇಲೆ ಆ ದಿನವೆಲ್ಲ ಕಮಲಾಪುರದ ದಾರಿಯ ಕಡೆಗೇ ನೋಡುತ್ತಿದ್ದೆ, ಅದು ಬೇರೆ ಮಾತು.

ಅಪ್ಪನ ಕಾಲು ಕೂಡಿದ ಮೇಲೆ ಇಬ್ಬರೂ ಬನ್ನಿ. ತೊಟ್ಟಿಲಿಗೆ ಹಾಕಿ ಹೆಸರಿಡುವವಳು ನೀನೇ, ಅಲ್ಲಿಯವರೆಗೆ ಅವಳು ಬರೀ ಕೂಸು. ಅಪ್ಪನಿಗೆ, ಮಾಮಾನಿಗೆ, ಕೊಟ್ಟಿಗೆಯ ಮುದಿ ಎತ್ತಿಗೂ ನಾನು ಕೇಳಿದೆನೆಂದು ಹೇಳು. ನಿನ್ನ ಸೊಸೆ ಪಾದಕ್ಕೆ ಶರಣೆಂದಿದ್ದಾಳೆ.

ನಿನ್ನ ಮಗ,
ಕಲ್ಯಾಣಪ್ಪ

ತಾ.ಕ. ಮಾಮಾ, ಇದನ್ನು ಸಾವಕಾಶವಾಗಿ ಓದಿರಿ. ಅವ್ವಾ, ಮೇಲಿನದನ್ನು ಬರೆದು ಮಡಿಚುವಷ್ಟರಲ್ಲಿ ಕೂಸು ಉಚ್ಚೆ ಹೊಯ್ದಿತು. ಚಂದಮ್ಮ ಬೇರೆ ಅರಿವೆ ಸುತ್ತಿ ನಿನ್ನ ಸೀರೆಯ ತುಂಡನ್ನು ಒಲೆಯ ಮುಂದೆ ಹರವಿದಳು. ಒಣಗಿದ ಮೇಲೆ ತೆಗೆಯಲು ಹೋದೆ. ಕೈಗೆ ಭಾರ ಹತ್ತಿತು. ತಕ್ಕಡಿಗೆ ಹಾಕಿದೆ. ದಿನಾ ಹಚ್ಚಿದ ಎಣ್ಣೆಯನ್ನೆಲ್ಲ ಅದು ಕುಡಿದು ಕೂತಿದೆ, ಮೊದಲಿಗಿಂತ ಕಾಲು ಸೇರು ಹೆಚ್ಚಾಗಿದೆ. ಕೂಸನ್ನು ಬೇರೆ ಒಣ ಬಟ್ಟೆಯಲ್ಲಿ ಇಟ್ಟು, ಅದರ ಭಾರ ಕಳೆದು ಮತ್ತೆ ತೂಗಿದೆ. ಮತ್ತೂ ಒಮ್ಮೆ ತೂಗಿದೆ. ಮೊದಲ ಸಲ ತೂಗಿದಾಗ ಎಷ್ಟಿದ್ದಳೋ ಅಷ್ಟೇ, ಒಂದೂವರೆ ಸೇರೇ ಇದ್ದಾಳೆ. ಇಷ್ಟು ದಿನ ಏರಿದ್ದು ಬಟ್ಟೆ. ಚಂದಮ್ಮನಿಗೆ ಇನ್ನೂ ಹೇಳಿಲ್ಲ. ನನ್ನ ಕೈ ಸಾಲದು ಅವ್ವಾ. ಅಪ್ಪನಿಗೂ ಇದನ್ನು ಕೇಳಿಸು, ಅವನೇ ನಿನ್ನನ್ನು ಕಳಿಸುತ್ತಾನೆ. ಈ ಕಾಗದ ತಂದ ಬಂಡಿ ಕಲಬುರ್ಗಿಗೆ ತಿರುಗುವಾಗ ಅದನ್ನೇ ಹತ್ತು. ಎಣ್ಣೆ ತರಬೇಡ, ಇನ್ನೂ ಅರ್ಧ ಗಡಿಗೆ ಇದೆ. ನೀನು ಬಾ.