ನಿಮ್ಮ ಭಾವಚಿತ್ರದೊಳಗಿನ ಮೂರು ಗೀಟುಗಳು

ಮಾನ್ಯ ಶಿಕ್ಷಣಾಧಿಕಾರಿಗಳೇ,

ನಿಮ್ಮ ಕುರ್ಚಿಯ ಹಿಂದಿನ ಗೋಡೆಗೆ ತೂಗುಹಾಕಿರುವ ನಿಮ್ಮದೇ ಭಾವಚಿತ್ರದೊಳಗೆ ನನ್ನ ತಾಯಿ, ನನ್ನ ಹೆಂಡತಿ ಮತ್ತು ನನ್ನ ಮಗಳು ಸಿಕ್ಕಿಹಾಕಿಕೊಂಡಿದ್ದಾರೆ. ಅವರನ್ನು ಬಿಡಿಸಿಕೊಡಿ ಎಂದು ಕೇಳಲು ಮೂರು ಸಲ ನಿಮ್ಮ ಕಚೇರಿಗೆ ಬಂದೆ. ಮೂರು ಸಲವೂ ನಿಮ್ಮ ಗುಮಾಸ್ತರು ನನಗೆ ತಲೆ ಕೆಟ್ಟಿದೆಯೆಂದು ತಿಳಿದು, ಒಂದು ಲೋಟ ನೀರು ಕುಡಿಸಿ ಸಾಗಹಾಕಿದರು. ನೀರಿಗೆ ಕೃತಜ್ಞನಾಗಿದ್ದೇನೆ. ಮೆಲ್ಲಗೆ ಹೇಳಿದರೆ ನಿಮ್ಮ ಕಿವಿಗೆ ಬೀಳದು ಎಂದು ಗೊತ್ತಾದ ಮೇಲೆ ಊರಿಗೆಲ್ಲ ಕೇಳುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಫೋಟೋಗಳಿಗೆ ಕಟ್ಟು ಹಾಕುವವನು. ನಿಮ್ಮ ಕಚೇರಿಯ ಮೆಟ್ಟಿಲ ಪಕ್ಕ ಸಾಲಾಗಿ ನಿಂತಿರುವ ಹಿಂದಿನ ಅಧಿಕಾರಿಗಳೆಲ್ಲ ನನ್ನ ಕೈಯಲ್ಲೇ ಗಾಜಿನ ಕೆಳಗೆ ಹೋದವರು. ಇಪ್ಪತ್ತೆರಡು ವರ್ಷಗಳಿಂದ ದೊಡ್ಡವರ ಮುಖಗಳನ್ನು ನೆಟ್ಟಗೆ ಕೂರಿಸುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಚಿತ್ರಗಳ ವಿಷಯದಲ್ಲಿ ನಿಮ್ಮಷ್ಟಲ್ಲದಿದ್ದರೂ ಅಲ್ಪಸ್ವಲ್ಪ ಬಲ್ಲೆ.

ನನ್ನ ಮಗಳ ತರಗತಿಯಲ್ಲಿ ನಡೆದದ್ದು ನನಗೆ ತಿಳಿದದ್ದು ಆಮೇಲೆ, ಚಿತ್ರಕಲಾ ಟೀಚರ್ ಬಾಯಿಂದ. ಓದುವವರಿಗೆ ಗೊಂದಲವಾಗದಿರಲೆಂದು ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎಂಟನೇ ತರಗತಿಗೆ ನೀವೇ ಕಳಿಸಿದ ಪಠ್ಯಕ್ರಮದಲ್ಲಿ ‘ಅಮೂರ್ತ ಚಿತ್ರಣ ಮತ್ತು ಸಂಯೋಜನೆ’ ಎಂಬ ಪಾಠವೊಂದಿದೆ. ಆ ಟೀಚರ್ ಮಾಡಿದ ಅಪರಾಧವೆಂದರೆ ಪಾಠವನ್ನು ನಿಜವಾಗಿಯೂ ಮಾಡಿದ್ದು. ಹಳೆಯ ನೋಟ್‌ಬುಕ್ಕುಗಳ ರಟ್ಟಿನಲ್ಲಿ ಬೆಂಕಿಪೊಟ್ಟಣದಷ್ಟು ಕಿಂಡಿ ಕೊರೆದು ಮಕ್ಕಳ ಕೈಗೆ ಒಂದೊಂದು ಕೊಟ್ಟರು. “ಒಂದು ವಾರ ಇದರೊಳಗಿಂದ ನಿಮ್ಮ ಮನೇನ ನೋಡಿ. ಮನೆ ಬಿಡಿಸಬೇಡಿ. ಮನೇಲಿ ಯಾರು ಎಷ್ಟು ಜಾಗ ಹಿಡೀತಾರೆ, ಯಾವುದು ಭಾರ, ಯಾವುದು ಹಗುರ, ಅದನ್ನ ಬರೀ ಆಕಾರಗಳಲ್ಲಿ ತನ್ನಿ. ಬೇಡದ್ದನ್ನ ಬಿಡಿ. ಖಾಲಿ ಬಿಟ್ಟ ಜಾಗಾನೂ ಚಿತ್ರಾನೇ,” ಎಂದರು.

ಆ ವಾರ ನನಗೆ ಚೆನ್ನಾಗಿ ನೆನಪಿದೆ. ಮಗಳು ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ರಟ್ಟು ಹಿಡಿದು, ಅಡುಗೆಮನೆಯ ಮೂಲೆಯಿಂದ ನನ್ನನ್ನೇ ನೋಡುತ್ತಿದ್ದಳು. “ಏನಿದು ಕೋತಿಯಾಟ?” ಎಂದು ಗದರಿ, ಕಿತ್ತುಕೊಂಡು ಬಾಗಿಲಾಚೆ ಎಸೆದೆ. ಅವಳು ಹೋಗಿ ಎತ್ತಿಕೊಂಡು ಬಂದು ಮತ್ತೆ ಅದೇ ಮೂಲೆಯಲ್ಲಿ ಕೂತಳು.

ಅವಳು ಬಿಡಿಸಿದ್ದು ಹೀಗಿತ್ತಂತೆ: ಹಾಳೆಯ ಬಲದಿಂದ ಮುಕ್ಕಾಲು ಭಾಗ ಒಂದೇ ಒಂದು ಕಪ್ಪು ಚೌಕ. ಎರಡು ಪೆನ್ಸಿಲ್ ಸವೆಯುವ ತನಕ ಒತ್ತಿ ಒತ್ತಿ ತುಂಬಿದ್ದು. ಎಡದ ತುತ್ತತುದಿಯಲ್ಲಿ, ಇನ್ನೇನು ಹಾಳೆಯಿಂದ ಬಿದ್ದೇ ಹೋಗುತ್ತವೆ ಎಂಬಷ್ಟು ಅಂಚಿನಲ್ಲಿ, ಮೂರು ತೆಳು ಗೀಟುಗಳು ಒಂದಕ್ಕೊಂದು ತಾಗಿ ನಿಂತಿದ್ದವು. ನಡುವೆ ಖಾಲಿ. ಟೀಚರ್ ಆ ಚಿತ್ರಕ್ಕೆ ಅಂಕ ಹಾಕಲು ಎರಡು ಸಲ ಪೆನ್ನು ತೆರೆದು ಎರಡು ಸಲವೂ ಮುಚ್ಚಿಟ್ಟರಂತೆ.

ನಿಮಗೆ ಆ ತೊಂದರೆ ಇರಲಿಲ್ಲ. ತಪಾಸಣೆಗೆ ಬಂದವರು ಹಾಳೆ ಎತ್ತಿ ಹಿಡಿದು ಕೇಳಿದಿರಿ:

“ಇದೇನಮ್ಮ?”

“ನಮ್ಮನೆ ಸಾರ್.”

“ಬಾಗಿಲೇ ಇಲ್ವಲ್ಲ?”

“ಬಾಗಿಲ ಹತ್ರ ಅಪ್ಪ ಇರ್ತಾರೆ ಸಾರ್. ಕಾಣಲ್ಲ.”

ನೀವು ನಕ್ಕಿರಿ. ಅಧಿಕಾರಿಗಳು ನಕ್ಕ ಮೇಲೆ ನಲವತ್ತು ಮಕ್ಕಳು ನಗದೆ ಇರುತ್ತಾರೆಯೇ? ಆಮೇಲೆ ಕುಂಚ ತರಿಸಿಕೊಂಡು, ಪೋಸ್ಟರ್ ಬಣ್ಣ ಅದ್ದಿ, ಆ ಕಪ್ಪು ಚೌಕದ ಮೇಲೆ ಕೆಂಪು ಹೆಂಚಿನ ಮಾಡು, ಬಿಳಿ ಗೋಡೆ, ಎರಡು ಕಿಟಕಿ, ಒಂದು ಬಾಗಿಲು ಬಳಿದು, ಖಾಲಿ ಬಿಟ್ಟಿದ್ದ ಜಾಗದಲ್ಲಿ ಸೂರ್ಯನನ್ನು ಕೂರಿಸಿ, “ಈಗ ಮನೆ ಆಯ್ತು ನೋಡು,” ಎಂದಿರಿ. ಸ್ವಾಮಿ, ಆ ಮನೆಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅದು ಎಲ್ಲರೂ ಎರಡನೇ ತರಗತಿಯಲ್ಲಿ ಬಿಡಿಸುವ ಮನೆ. ಅಲ್ಲಿಂದೀಚೆಗೆ ನೀವು ಯಾವ ಮನೆಯನ್ನೂ ಕಣ್ಣುಬಿಟ್ಟು ನೋಡಿದಂತಿಲ್ಲ. ಒಂದು ಕಿಟಕಿ ದೊಡ್ಡದು, ಒಂದು ಚಿಕ್ಕದು. ಸೂರ್ಯನಿಗೆ ಹನ್ನೊಂದು ಕಿರಣ, ಅದರಲ್ಲಿ ಎರಡು ಸೂರನ್ನು ತೂರಿಕೊಂಡು ಒಳಗೆ ಹೋಗಿವೆ. ಮಗುವೊಂದು ಹಾಗೆ ಬಿಡಿಸಿದ್ದರೆ ಮುದ್ದು ಬರುತ್ತಿತ್ತು. ಐವತ್ತು ದಾಟಿದ, ಒಂದು ಜಿಲ್ಲೆಯ ಮಕ್ಕಳೆಲ್ಲ ಏನು ಕಲಿಯಬೇಕೆಂದು ನಿರ್ಧರಿಸುವವರು ಬಿಡಿಸಿದ್ದೆಂದು ತಿಳಿದಾಗ ಭಯವಾಗುತ್ತದೆ.

ಮರುವಾರ ನಿಮ್ಮ ಸುತ್ತೋಲೆ ಬಂತು. “ಅಮೂರ್ತ ಚಿತ್ರಗಳು ನೋಡಿದ ಕೂಡಲೇ ಏನೆಂದು ತಿಳಿಯುವಂತೆ ಇರತಕ್ಕದ್ದು.” ಅದನ್ನು ಓದಿದ ಮೇಲೆ ನೀವು ನೀರು ಸರಬರಾಜು ಇಲಾಖೆಗೆ ಹೋಗದಿದ್ದದ್ದು ನಮ್ಮ ಪುಣ್ಯ ಅನ್ನಿಸಿತು. ನೀರು ಒದ್ದೆಯಾಗಿರಕೂಡದು ಎಂದು ಆದೇಶ ಹೊರಡಿಸಿಬಿಡುತ್ತಿದ್ದಿರಿ. ಅದಾದ ಮೇಲೆ ಜಿಲ್ಲಾ ಚಿತ್ರಕಲಾ ಸ್ಪರ್ಧೆ. ತೀರ್ಪುಗಾರರು ನೀವು. ಮೊದಲ ಬಹುಮಾನ ನೀವೇ ಬಣ್ಣ ಬಳಿದ ಹಾಳೆಗೆ. ನಿಮ್ಮ ಕಲೆಯನ್ನು ನೀವೇ ಮೆಚ್ಚಿಕೊಳ್ಳದಿದ್ದರೆ ಇನ್ಯಾರು ಮೆಚ್ಚಿಕೊಳ್ಳಬೇಕು?

ಇಲ್ಲಿಂದ ಮುಂದಿನದು ನನ್ನ ಕಥೆ.

ಕಟ್ಟು ಹಾಕಲು ಬಹುಮಾನದ ಚಿತ್ರ ನನ್ನ ಅಂಗಡಿಗೆ ಬಂತು. ಬಿಡಿಸಿದವರ ಹೆಸರು ಮುಚ್ಚಿಹೋಗುವಂತೆ ನಿಮ್ಮ ಇಲಾಖೆಯ ಚೀಟಿ ಅಂಟಿಸಿದ್ದರು: ‘ಸುಖೀ ಕುಟುಂಬ’. ಜೊತೆಗೆ ಇನ್ನೊಂದು ಚೀಟಿ: ‘ಎಡ ಅಂಚು ಗಲೀಜಾಗಿದೆ, ಕತ್ತರಿಸುವುದು.’ ನೋಡಿದೆ. ಅಂಚಿನಲ್ಲಿ ಮೂರು ಪೆನ್ಸಿಲ್ ಗೀಟುಗಳಿದ್ದವು. ಯಾವುದೋ ಮಗು ಪೆನ್ಸಿಲ್ ಮೊನೆ ಸರಿಯಿದೆಯೇ ಎಂದು ಗೀಚಿ ನೋಡಿರಬೇಕು ಅಂದುಕೊಂಡೆ. ಅದರಲ್ಲಿ ಅತಿ ಗಿಡ್ಡ ಗೀಟು ನಡುವಿನದಕ್ಕೆ ತುಸು ವಾಲಿಕೊಂಡಿದ್ದದ್ದು ಯಾಕೋ ಕಣ್ಣಿಗೆ ಬಿತ್ತು. ಸ್ಟೀಲ್ ಸ್ಕೇಲ್ ಇಟ್ಟು ಒಂದೇ ಎಳೆತಕ್ಕೆ ಕತ್ತರಿಸಿದೆ. ಎರಡನೇ ಸಲ ಬ್ಲೇಡ್ ಆಡಿಸುವ ಅಭ್ಯಾಸ ನನಗಿಲ್ಲ, ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಅದೇ ದಿನ, ಅದೇ ಮೇಜಿನ ಮೇಲೆ ನಿಮ್ಮ ಭಾವಚಿತ್ರವೂ ಇತ್ತು. ಕಟ್ಟಿಗಿಂತ ಗಾಜು ಒಂದು ಕೂದಲೆಳೆಯಷ್ಟು ಸಣ್ಣದಾಗಿ, ನೀವು ಒಳಗೆ ಲೊಟಲೊಟ ಅನ್ನುತ್ತಿದ್ದಿರಿ. ಇಂಥ ಸಂದಿಗೆ ದಪ್ಪ ಕಾಗದದ ಚೂರು ತುರುಕುವುದು ನಮ್ಮ ಕಸುಬಿನಲ್ಲಿ ಮಾಮೂಲು. ಆಗಷ್ಟೇ ಕತ್ತರಿಸಿ ಬಿದ್ದಿದ್ದ ಆ ಅಂಚಿನ ಪಟ್ಟಿಯನ್ನೇ ಉದ್ದಕ್ಕೆ ಮಡಿಸಿ ನಿಮ್ಮ ಎಡಗಡೆ ಸೇರಿಸಿ, ಹಿಂದಿನಿಂದ ರಟ್ಟು ಕೂರಿಸಿ ಮೊಳೆ ಹೊಡೆದೆ. ನೀವು ಗಟ್ಟಿಯಾಗಿ ಕೂತಿರಿ.

ಬಹುಮಾನ ಹಂಚುವ ದಿನ ನಾನು ಕಟ್ಟು ಹಾಕಿದ ಚಿತ್ರಕ್ಕಾಗಿ ವೇದಿಕೆಗೆ ಬಂದವಳು ನನ್ನ ಮಗಳು. ಇಡೀ ಸಭಾಂಗಣದಲ್ಲಿ ಜೋರಾಗಿ ಚಪ್ಪಾಳೆ ತಟ್ಟಿದವನು ನಾನೇ. ಮನೆಗೆ ಬಂದು, ಅಪರೂಪಕ್ಕೊಮ್ಮೆ ಬರುವ ನಗುವನ್ನು ಮುಖದ ಮೇಲೆ ತಂದುಕೊಂಡು, “ಒಳ್ಳೆ ಮನೆ ಬಿಡಿಸಿದೀಯಲ್ಲೇ,” ಎಂದೆ.

“ಅದು ನಾನು ಬಿಡಿಸಿದ್ದಲ್ಲ. ನಂದು ಅದರ ಅಡೀಲಿದೆ.”

“ಅಡೀಲಿ ಏನಿದೆ?”

“ನೀವು.”

ನನ್ನ ಹೆಂಡತಿ ಪಾತ್ರೆ ತೊಳೆಯುತ್ತಿದ್ದವಳು ಕೈ ನಿಲ್ಲಿಸಿದಳು. ನನ್ನ ತಾಯಿ ಗೋಡೆ ಕಡೆ ಮುಖ ತಿರುಗಿಸಿದರು. ಮಗಳು ತಲೆ ಎತ್ತದೆ ಹೇಳಿದಳು: “ನಾವು ಮೂರು ಜನ ಎಡಗಡೆ ಇದ್ವಿ. ಯಾರೋ ಕತ್ತರಿಸಿಬಿಟ್ಟಿದಾರೆ.”

ಯಾರು ಎಂದು ನಾನು ಹೇಳಲಿಲ್ಲ. ಮಾರನೆಯ ದಿನ ಜಗಳಕ್ಕೆಂದೇ ಶಾಲೆಗೆ ಹೋದೆ. “ಮಕ್ಕಳ ತಲೇಲಿ ಏನ್ರೀ ತುಂಬ್ತಾ ಇದೀರಾ?” ಎಂದು ಕೂಗಾಡಿದೆ. ಟೀಚರ್ ನನ್ನ ಮಾತು ಮುಗಿಯುವ ತನಕ ಕಾದು, ನಡೆದದ್ದೆಲ್ಲ ಹೇಳಿ, ಒಂದು ರಟ್ಟನ್ನು ಕೈಗೆ ಕೊಟ್ಟು, “ಒಂದು ಸಲ ಮನೆ ನೋಡಿ, ಆಮೇಲೆ ಬನ್ನಿ,” ಎಂದರು. ಯಾರೂ ಇಲ್ಲದಾಗ ಅಡುಗೆಮನೆಯ ಮೂಲೆಯಲ್ಲಿ, ಅವಳು ಕೂರುತ್ತಿದ್ದ ಜಾಗದಲ್ಲೇ ಕೂತು ನೋಡಿದೆ. ಹತ್ತಡಿ ಅಗಲದ ಕೋಣೆ. ಬಾಗಿಲ ಪಕ್ಕ ನನ್ನ ಕುರ್ಚಿ. ನಾನು ಕಾಲು ಚಾಚಿ ಕೂತರೆ ಮಿಕ್ಕವರು ಗೋಡೆಗೆ ಅಂಟಿಕೊಂಡು ಅಡ್ಡಡ್ಡ ನಡೆಯಬೇಕು. ನಾನು ಬಂದರೆ ಟಿವಿ ಆರುತ್ತದೆ, ಮಾತು ನಿಲ್ಲುತ್ತದೆ. ಇದನ್ನು ನಾನು ಶಿಸ್ತು ಅಂದುಕೊಂಡಿದ್ದೆ. ಯಾರ ಮೇಲೂ ಒಂದು ದಿನ ಕೈ ಎತ್ತಿದವನಲ್ಲ ಎಂದು ಎದೆ ಉಬ್ಬಿಸಿಕೊಂಡು ತಿರುಗುತ್ತಿದ್ದೆ. ಹದಿಮೂರು ವರ್ಷದ ಹುಡುಗಿ ಎರಡು ಪೆನ್ಸಿಲ್ ಸವೆಸಿ ನನ್ನ ಅಳತೆ ಸರಿಯಾಗಿ ತೆಗೆದಿದ್ದಳು. ನನಗೆ ನಾಚಿಕೆಯಾಯಿತು.

ಇನ್ನೊಂದು ಸಲ ಬಿಡಿಸು ಎಂದು ಕೇಳಿಕೊಂಡೆ.

“ಆಗಲ್ಲ. ಅವಾಗ ನಿಮ್ಮ ಮೇಲೆ ಸಿಟ್ಟಿತ್ತು.”

“ಈಗ?”

“ಈಗ ಏನೂ ಇಲ್ಲ.”

ಈಗ ಅವಳು ಬಿಡಿಸುವುದು ಕೆಂಪು ಮಾಡು, ಎರಡು ಕಿಟಕಿ, ಹನ್ನೊಂದು ಕಿರಣದ ಸೂರ್ಯ. ಒಂದಾದ ಮೇಲೊಂದು, ಅಚ್ಚು ಹೊಡೆದ ಹಾಗೆ. ಪೂರ್ತಿ ಅಂಕ ಬರುತ್ತಿವೆ. ನಿಮಗೆ ಸಂತೋಷವಾಗಬೇಕು.

ಮಾನ್ಯರೇ, ನನ್ನ ಮಗಳಿಗೆ ನನ್ನ ಮೇಲೆ ಸಿಟ್ಟಾದರೂ ಇದ್ದ ಕಾಲದ ಗುರುತು ಈಗ ಉಳಿದಿರುವುದು ಆ ಪಟ್ಟಿಯೊಂದರಲ್ಲೇ. ಚೌಕದ ಮೇಲೆ ನೀವು ಬಣ್ಣ ಬಳಿದಿರಿ, ಅದು ಹೋಯಿತು. ಮೂರು ಗೀಟುಗಳನ್ನು ನಾನು ಕತ್ತರಿಸಿದೆ, ಅವು ನಿಮ್ಮ ಬಳಿ ಇವೆ. ನಿಮ್ಮ ಗುಮಾಸ್ತರಿಗೆ ಇದನ್ನೇ ಹೇಳಿದೆ.

“ಸಾಹೇಬರ ಫೋಟೋ ಇಳಿಸೋಕೆ ಮೇಲಿನವರ ಅಪ್ಪಣೆ ಬೇಕು.”

“ಮೇಲಿನವರು ಯಾರು?”

“ಸಾಹೇಬರೇ.”

“ಹಾಗಾದ್ರೆ ಅವರನ್ನೇ ಕೇಳಿ.”

“ನಿಮ್ಮ ಫೋಟೋ ಇಳಿಸ್ತೀವಿ ಅಂತ ಅವರ ಮುಂದೆ ನಿಂತು ಹೇಗ್ರೀ ಕೇಳೋದು? ನೀರು ಕುಡೀರಿ.”

ಆದ್ದರಿಂದ ನಾನೇ ಕೇಳುತ್ತಿದ್ದೇನೆ. ನಿಮ್ಮ ಕ್ಷಮೆ ನನಗೆ ಬೇಡ, ಅದನ್ನು ಎಲ್ಲಿ ತೂಗುಹಾಕಲಿ? ಸುತ್ತೋಲೆ ಹಿಂದೆಗೆದುಕೊಳ್ಳಿ, ಇನ್ನು ಮುಂದೆ ಮಗುವಿನ ಹಾಳೆಯ ಹತ್ತಿರ ಕುಂಚ ಹಿಡಿದು ಹೋಗಬೇಡಿ. ಅದು ಊರಿನವರ ಪರವಾಗಿ. ನನ್ನ ಪರವಾಗಿ ಕೇಳುವುದು ಇಷ್ಟೇ: ನಿಮ್ಮ ಭಾವಚಿತ್ರವನ್ನು ಕಾಲು ಗಂಟೆಯ ಮಟ್ಟಿಗೆ ಗೋಡೆಯಿಂದ ಇಳಿಸಿ. ಆರು ಮೊಳೆ ಕಿತ್ತು, ಪಟ್ಟಿ ತೆಗೆದುಕೊಂಡು, ಆ ಸಂದಿಗೆ ನಿಮ್ಮ ಸುತ್ತೋಲೆಯನ್ನೇ ಮಡಿಸಿ ಇಟ್ಟು ಮೊದಲಿನಂತೆ ಕೂರಿಸಿಕೊಡುತ್ತೇನೆ. ಅದು ಅಷ್ಟಕ್ಕೆ ಸಾಕಾಗುವಷ್ಟು ದಪ್ಪವಿದೆ.

ಒಂದು ವಿಷಯ ಬಾಕಿ. ಕತ್ತರಿಸಿದ್ದು ನಾನೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಎದುರಿಗೆ ಕೂತು ಹೇಳುವ ಧೈರ್ಯ ನನಗೆ ಬರಲಿಲ್ಲ. ಈ ಪತ್ರಿಕೆ ಬೆಳಿಗ್ಗೆಯೇ ನಿಮ್ಮ ಮೇಜಿಗೆ ಬರುತ್ತದೆ. ಅವಳ ಶಾಲೆಯ ವಾಚನಾಲಯದಲ್ಲಿ ಅದನ್ನು ಮಕ್ಕಳ ಕೈಗೆ ಕೊಡುವುದು ಕೊನೆಯ ಪಿರಿಯಡ್ ಮುಗಿದ ಮೇಲೆ, ಅವಳು ದಿನವೂ ಓದುತ್ತಾಳೆ. ಓದಿ ಮನೆಗೆ ಬರುವಾಗ ಆ ಪಟ್ಟಿ ನನ್ನ ಕೈಯಲ್ಲಿರಬೇಕು. ಹತ್ತು ಗಂಟೆಯಿಂದ ಇಕ್ಕಳ ಹಿಡಿದುಕೊಂಡು ನಿಮ್ಮ ಬಾಗಿಲ ಹೊರಗೆ, ಯಾರ ದಾರಿಗೂ ಅಡ್ಡವಾಗದಂತೆ, ಗೋಡೆಗೆ ಒತ್ತಿಕೊಂಡು ನಿಂತಿರುತ್ತೇನೆ.

ಇಂತಿ,
ನಿಮ್ಮ ಬಣ್ಣದ ಅಡಿಯಲ್ಲಿರುವ ಕಪ್ಪು ಚೌಕ,
ಕಸುಬಿನಿಂದ ಫೋಟೋಗಳಿಗೆ ಕಟ್ಟು ಹಾಕುವವನು